ಸಾಲದ ಕಂತು, ಸಂಸಾರದ ಏರುಪೇರು



ಹಿರಿಯರೊಬ್ಬರು ಇಟ್ಟ ಇಡುಗಂಟಿನ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮ ಇದು. ಬಡ್ಡಿಯಿಂದ ಒಳ್ಳೆಯ ಕೆಲಸಗಳೂ ನಡೆಯುತ್ತವೆ ಎನ್ನುವುದಕ್ಕೆ ಈ ವೇದಿಕೆಯೇ ಸಾಕ್ಷಿ. ಆದ್ದರಿಂದ ಸಾಲ ಕೊಡುವವರನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ಪಡೆದ ಸಾಲ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳಬೇಕೆಂದಿರುವುದು ಬೇರೆ. ತಿಂಗಳಿಗೆ ಇಷ್ಟು ಕಟ್ಟುತ್ತೇನೆ ಎಂದು ಸಹಿ ಹಾಕಿದ ಮೇಲೆ ಕೆಲಸ ಹೋಯಿತು, ದುಡಿಯುವವರು ಹಾಸಿಗೆ ಹಿಡಿದರು, ಗಂಡ ಹೆಂಡತಿ ಬೇರೆಯಾದರು, ಮನೆಯ ಯಜಮಾನ ತೀರಿಕೊಂಡರು. ಆಗ ಆ ಸಹಿಯ ಗತಿ ಏನು? ಸಾಲ ಉಳಿಯುತ್ತದೆ, ಸರಿ. ಕಂತಿನ ಮೊತ್ತವೂ, ಅದರ ದಿನಾಂಕವೂ ಕಲ್ಲಿನಲ್ಲಿ ಕೊರೆದಂತೆ ಹಾಗೇ ಉಳಿಯಬೇಕೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಸಾಲ ಪಡೆಯುವ ದಿನಕ್ಕೆ ಆ ಬುದ್ಧಿಮಾತು ಸರಿ. ಕಾಲು ಚಾಚಿ ಮಲಗಿದ ಮೇಲೆ ಹಾಸಿಗೆಯೇ ಮೊಟಕಾದರೆ ಏನು ಮಾಡಬೇಕು ಎನ್ನುವುದಕ್ಕೆ ಗಾದೆಯಲ್ಲಿ ಉತ್ತರವಿಲ್ಲ, ನಮ್ಮ ಕಾನೂನಿನಲ್ಲೂ ಸರಿಯಾದ ಉತ್ತರವಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂದ ಕಾದಂಬರಿ. ಅದರಲ್ಲಿರುವುದು ಜಾತಿಯ ಕಥೆ, ನೆಲದ ಹಸಿವಿನ ಕಥೆ. ಜೊತೆಗೆ ಅದು ಒಂದು ಸಾಲ ತೀರುವಳಿಯ ಕಥೆಯೂ ಹೌದು ಎನ್ನುವುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಸಾಲ ತೀರಿಸಲು ಚೋಮನ ಗಂಡುಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಅಲ್ಲೇ ಉಳಿದುಬಿಡುತ್ತಾನೆ, ಇನ್ನೊಬ್ಬ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ. ದುಡಿಯುವ ಕೈಗಳು ಹೋದವು, ಸಾಲ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಮುಂದೆ ಮಗಳು ಬೆಳ್ಳಿ ತೋಟದ ಹಾದಿ ಹಿಡಿಯಬೇಕಾಗುತ್ತದೆ. ಮನೆಯಲ್ಲಿ ಏನೇ ಆಗಲಿ, ತೋಟದ ಲೆಕ್ಕದ ಪುಸ್ತಕಕ್ಕೆ ಅದು ಕಾಣುವುದಿಲ್ಲ. ಜೀತ ಪದ್ಧತಿಯನ್ನು ದೇಶದ ಕಾನೂನು 1976ರಲ್ಲಿ ರದ್ದು ಮಾಡಿತು. ಆದರೆ ಮನೆಯೊಳಗಿನ ಸಾವುನೋವು ಕಾಣದ ಆ ಲೆಕ್ಕದ ಪುಸ್ತಕದ ಕುರುಡು ಇನ್ನೂ ಹೋಗಿಲ್ಲ.

ಕಂತಿನ ಒಪ್ಪಂದ ಬದಲಾಗದ ವಸ್ತು ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಗೃಹಸಾಲದ ಉದಾಹರಣೆ ನೋಡಿ. 20 ಲಕ್ಷ ರೂಪಾಯಿ, ಶೇ 7 ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 15,506 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಬದಲಾಗುವ ಬಡ್ಡಿಯ ಸಾಲಗಳೆಲ್ಲ ಅದರ ಬೆನ್ನಿಗೇ ಏರಿದವು. ನಮ್ಮ ಉದಾಹರಣೆಯ ಸಾಲಗಾರ ಒಂದು ವರ್ಷ ತಪ್ಪದೆ ಕಂತು ಕಟ್ಟಿದ್ದಾನೆ, ಅಸಲು ಸುಮಾರು 19.52 ಲಕ್ಷಕ್ಕೆ ಇಳಿದಿದೆ ಎಂದುಕೊಳ್ಳಿ. ಬಡ್ಡಿ ಶೇ 9.5 ಆದ ತಿಂಗಳು ಬಡ್ಡಿಯೊಂದೇ 15,457 ರೂಪಾಯಿ. ಕಂತು ಹಾಗೇ ಉಳಿದರೆ ಅಸಲಿಗೆ ಸೇರುವುದು 50 ರೂಪಾಯಿಗೂ ಕಡಿಮೆ! ಇಂಥ ಕಡೆ ಬ್ಯಾಂಕುಗಳು ಏನು ಮಾಡಿದವು? ಕಂತನ್ನು ಮುಟ್ಟದೆ ಅವಧಿಯನ್ನು ಎಳೆದವು. ಅರವತ್ತಕ್ಕೆ ಮುಗಿಯಬೇಕಿದ್ದ ಸಾಲ ನಿವೃತ್ತಿಯನ್ನು ದಾಟಿ ಮುಂದೆ ಹೋಯಿತು. ಎಷ್ಟೋ ಮಂದಿಗೆ ಇದು ತಿಳಿಯಲೂ ಇಲ್ಲ. ಕೊನೆಗೆ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ದರ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು, ಕಂತು ಹೆಚ್ಚಿಸಿಕೊಳ್ಳುವ ಅಥವಾ ಅವಧಿ ಹೆಚ್ಚಿಸಿಕೊಳ್ಳುವ ಆಯ್ಕೆ ಕೊಡಬೇಕು, ಯಾವ ಹಂತದಲ್ಲೂ ಕಂತು ಆ ತಿಂಗಳ ಬಡ್ಡಿಗಿಂತ ಕಡಿಮೆ ಇರಕೂಡದು ಎಂದು ಹೇಳಬೇಕಾಯಿತು.

ಇದರಿಂದ ತಿಳಿಯುವುದೇನು? ಸಾಲ ಕೊಟ್ಟವರ ಪರಿಸ್ಥಿತಿ ಬದಲಾದರೆ ಒಪ್ಪಂದ ಯಾರ ಅರ್ಜಿಯೂ ಇಲ್ಲದೆ ತಾನಾಗಿ ಬದಲಾಗುತ್ತದೆ. ಅದಕ್ಕೆ ಬೇಕಾದ ಕಲಮು ಮೊದಲ ದಿನವೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಸಾಲ ಪಡೆದವನ ಪರಿಸ್ಥಿತಿ ಬದಲಾದರೆ ಮಾತ್ರ ಅವನು ಕೈಮುಗಿದು ನಿಲ್ಲಬೇಕು. ಒಂದೇ ಕಡೆಗೆ ತೆರೆಯುವ ಈ ಬಾಗಿಲೇ ನನ್ನ ಇಂದಿನ ವಿಷಯ.

ರೈತರ ವಿಷಯದಲ್ಲಿ ನಾವು ಇನ್ನೊಂದು ಕಡೆಯ ಬಾಗಿಲನ್ನೂ ತೆರೆದಿದ್ದೇವೆ. ಮಳೆ ತಪ್ಪಿದರೆ ಸಾಲದ ಗಡುವು ಮುಂದೆ ಹೋಗಬೇಕು ಎಂಬ ತಿಳಿವಳಿಕೆ ನಮ್ಮ ಆಡಳಿತಕ್ಕೆ ಹೊಸದಲ್ಲ. 2018ರಲ್ಲಿ ಕ್ರೋಡೀಕರಿಸಿದ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಬೆಳೆ ನಷ್ಟ ಶೇ 33ರಿಂದ 50ರ ನಡುವೆ ಇದ್ದರೆ ಮರುಪಾವತಿಗೆ ಗರಿಷ್ಠ 2 ವರ್ಷ, ಶೇ 50 ದಾಟಿದರೆ 5 ವರ್ಷದವರೆಗೆ ಸಮಯ ಕೊಡಬಹುದು. ಹಾಗೆ ಗಡುವು ಮುಂದೂಡಿದ ಸಾಲ ಸುಸ್ತಿ ಎನಿಸುವುದಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದಾಗ ಎಷ್ಟೋ ಮನೆಗಳು ಉಸಿರಾಡಿದ್ದು ಈ ನಿಯಮದಿಂದ. ತಹಸೀಲ್ದಾರರು, ಕೃಷಿ ಇಲಾಖೆಯವರು ಹೊಲಕ್ಕೆ ಹೋಗಿ ನಷ್ಟ ಅಳೆಯುತ್ತಾರೆ, ಅಳತೆಗೆ ತಕ್ಕ ಸಮಯ ಸಿಗುತ್ತದೆ. ಇದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ.

ಆದರೆ ಬರ ಒಂದೇ ಮನೆಗೆ ಬಂದರೆ? ಹೊಲಿಗೆ ಕೆಲಸದ ಹೆಂಗಸಿನ ಬಲಗೈ ಮುರಿದರೆ, ಲಾರಿ ಓಡಿಸುವವನಿಗೆ ಪಾರ್ಶ್ವವಾಯು ಬಡಿದರೆ ಆ ಮನೆಯ ಬೆಳೆ ನೂರಕ್ಕೆ ನೂರು ಹಾಳಾದಂತೆಯೇ. ಅದನ್ನು ಘೋಷಿಸುವ ತಹಸೀಲ್ದಾರರು ಯಾರೂ ಇಲ್ಲ. ಕೋವಿಡ್‌ನಿಂದ ಇಡೀ ದೇಶಕ್ಕೇ ಕಷ್ಟ ಬಂದಾಗ ಮಾತ್ರ ಬಾಗಿಲು ಒಮ್ಮೆ ತೆರೆಯಿತು. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಸಿಕ್ಕಿತು. ಬಡ್ಡಿ ನಿಲ್ಲಲಿಲ್ಲ, ಆ ಆರು ತಿಂಗಳ ಬಡ್ಡಿ ಅಸಲಿಗೆ ಸೇರಿ ಬೆಳೆಯಿತು. ಆ ಅವಧಿಯ ಬಡ್ಡಿಯ ಮೇಲಿನ ಬಡ್ಡಿ ಯಾರಿಂದಲೂ ವಸೂಲಾಗಕೂಡದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್ 23ರಂದು ತೀರ್ಪು ಕೊಟ್ಟಿತು. ಅದೇ ಕಾಲದಲ್ಲಿ, 2020ರ ಆಗಸ್ಟ್ ಮತ್ತು 2021ರ ಮೇ ತಿಂಗಳಲ್ಲಿ ಬಂದ ಎರಡು ಯೋಜನೆಗಳಲ್ಲಿ ವೈಯಕ್ತಿಕ ಸಾಲಗಳ ಅವಧಿಯನ್ನು 2 ವರ್ಷದವರೆಗೆ ಹೆಚ್ಚಿಸಿ ಕಂತು ಇಳಿಸಲು ಬ್ಯಾಂಕುಗಳಿಗೆ ಅನುಮತಿ ಇತ್ತು. ಅರ್ಜಿಗೆ ಇಟ್ಟ ಗಡುವು ಮುಗಿಯಿತು, ಬಾಗಿಲೂ ಮುಚ್ಚಿತು.

ಬ್ಯಾಂಕಿನ ವ್ಯವಸ್ಥಾಪಕರು ಕಲ್ಲು ಮನಸ್ಸಿನವರು ಎಂದು ಜನ ಹೇಳುತ್ತಾರೆ. ಅದು ಅನ್ಯಾಯದ ಮಾತು. ಕಂತು ಇಳಿಸಿಕೊಡಲು ಮನಸ್ಸಿರುವ ಅಧಿಕಾರಿಯ ಕೈಯನ್ನೂ ಕಟ್ಟಿಹಾಕುವ ನಿಯಮವೊಂದಿದೆ. 2019ರ ಜೂನ್ 7ರ ರಿಸರ್ವ್ ಬ್ಯಾಂಕಿನ ಚೌಕಟ್ಟಿನ ಪ್ರಕಾರ, ಸಾಲಗಾರನ ಹಣಕಾಸಿನ ತೊಂದರೆಯ ಕಾರಣಕ್ಕೆ ಕಂತನ್ನು ಮರುಹೊಂದಿಸಿದರೆ ಅದುವರೆಗೆ ಸರಿಯಾಗಿ ನಡೆಯುತ್ತಿದ್ದ ಖಾತೆಯೂ ಆ ಕ್ಷಣಕ್ಕೇ ಅನುತ್ಪಾದಕ ಸಾಲ, ಅಂದರೆ ಎನ್‌ಪಿಎ ಪಟ್ಟಿಗೆ ಬೀಳುತ್ತದೆ. ಅದಕ್ಕೆ ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿಡಬೇಕು, ಶಾಖೆಯ ಲೆಕ್ಕ ಕೆಡುತ್ತದೆ, ಮೇಲಿನವರು ಪ್ರಶ್ನೆ ಕೇಳುತ್ತಾರೆ. ಬರಗಾಲದ ಮರುಹೊಂದಾಣಿಕೆಗೂ ಕೋವಿಡ್ ಕಾಲದ ಯೋಜನೆಗಳಿಗೂ ಈ ಶಿಕ್ಷೆಯಿಂದ ವಿನಾಯಿತಿ ಇತ್ತು. ಒಂಟಿ ಮನೆಯ ಕಷ್ಟಕ್ಕೆ ಆ ವಿನಾಯಿತಿ ಇಲ್ಲ. ಹಾಗಾಗಿ ಅಧಿಕಾರಿ ಏನನ್ನುತ್ತಾನೆ? ‘ಹೇಗಾದರೂ ಮಾಡಿ ಈ ತಿಂಗಳದು ಕಟ್ಟಿಬಿಡಿ’ ಎನ್ನುತ್ತಾನೆ. ಹೇಗಾದರೂ ಎಂದರೆ ಕೈಸಾಲ, ಮೀಟರ್ ಬಡ್ಡಿ, ಹೆಂಡತಿಯ ಬಳೆಯ ಗಿರವಿ. ತೊಂಬತ್ತು ದಿನ ತುಂಬಿ ಖಾತೆ ಎನ್‌ಪಿಎ ಆಗುವ ತನಕ ಮನೆಯಲ್ಲಿದ್ದ ಕೊನೆಯ ಆಸರೆಯೂ ಕರಗಿಹೋಗಿರುತ್ತದೆ. ರೋಗ ಹಳೆಯದಾದ ಮೇಲೆ ಬರುವ ‘ಒನ್ ಟೈಮ್ ಸೆಟಲ್‌ಮೆಂಟ್’ ಎಂಬ ರಾಜಿಗೆ ಒಟ್ಟಿಗೆ ಕೊಡುವ ಗಂಟು ಬೇಕು, ಅದನ್ನು ಕಟ್ಟಿದ ಮೇಲೂ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂಬ ಗುರುತು ವರ್ಷಗಟ್ಟಲೆ ಉಳಿಯುತ್ತದೆ.

ಸಂಘದ ಸಾಲದ ಮಾತು ಇನ್ನೂ ಕಷ್ಟದ್ದು. ವಾರದ ಸಭೆ, ಚಾಪೆಯ ಮೇಲೆ ಸಾಲಾಗಿ ಕುಳಿತ ಹೆಂಗಸರು, ಪ್ರತಿಯೊಬ್ಬರ ಕೈಯಲ್ಲೂ ಕಂತಿನ ಕಾರ್ಡು. ಒಬ್ಬಳು ಬಾರದಿದ್ದರೆ ಉಳಿದವರು ಅವಳ ಕಂತನ್ನು ಹಂಚಿಕೊಂಡು ತುಂಬಬೇಕು. ಮೊದಲ ವಾರ ಅನುಕಂಪ ಇರುತ್ತದೆ. ಮೂರನೆಯ ವಾರ ಅವರೇ ಅವಳ ಬಾಗಿಲಿಗೆ ಬರುತ್ತಾರೆ. ಅವರೂ ಬಡವರೇ, ಅವರನ್ನು ದೂರಿ ಫಲವಿಲ್ಲ. ಆ ಒತ್ತಡ ತಾಳದೆ ಅವಳು ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಎತ್ತುತ್ತಾಳೆ. 2022ರ ಮಾರ್ಚ್‌ನಲ್ಲಿ ಬಂದ ರಿಸರ್ವ್ ಬ್ಯಾಂಕಿನ ಕಿರುಸಾಲದ ನಿರ್ದೇಶನಗಳು ಒಂದು ಒಳ್ಳೆಯ ಮಿತಿ ಹಾಕಿದವು: ವರ್ಷಕ್ಕೆ 3 ಲಕ್ಷದವರೆಗೆ ವರಮಾನವಿರುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಈ ಲೆಕ್ಕ ನಡೆಯುವುದು ಸಾಲ ಕೊಡುವ ದಿನ. ಮರುತಿಂಗಳು ವರಮಾನ ಅರ್ಧಕ್ಕೆ ಇಳಿದರೆ, ಅರ್ಧ ಇದ್ದ ಕಂತು ಇಡೀ ವರಮಾನವನ್ನೇ ನುಂಗುತ್ತದೆ. ಮರುಪಾವತಿಯಲ್ಲಿ ತೊಂದರೆಗೆ ಸಿಕ್ಕವರನ್ನು ಗುರುತಿಸಿ ದಾರಿ ತೋರಿಸುವ ವ್ಯವಸ್ಥೆ ಪ್ರತಿ ಸಂಸ್ಥೆಯಲ್ಲೂ ಇರಬೇಕು ಎಂದು ಅದೇ ನಿರ್ದೇಶನ ಹೇಳುತ್ತದೆ. ಕಾರ್ಡು ಹಿಡಿದು ಕುಳಿತ ಹೆಂಗಸರಲ್ಲಿ ಇದನ್ನು ಕೇಳಿ ತಿಳಿದವರು ಎಷ್ಟು ಮಂದಿ? ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡಕೂಡದು ಎಂಬುದೂ ಅದರಲ್ಲೇ ಇದೆ. ಕಿರುಕುಳ ಮಿತಿಮೀರಿದಾಗ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ. ಅದನ್ನು ನಾನು ಸ್ವಾಗತಿಸುತ್ತೇನೆ. ಮನೆ ಮುಂದೆ ಕೂಗಾಡುವವನನ್ನು ತಡೆದ ಮೇಲೂ ಆ ಹೆಂಗಸು ಎಷ್ಟು ಕಟ್ಟಬಲ್ಲಳು ಎಂಬ ಪ್ರಶ್ನೆಗೆ ಉತ್ತರ ಬೇಕೇ ಬೇಕು.

ಈಗ ನ್ಯಾಯಾಲಯಕ್ಕೆ ಬರೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ನಿರ್ದಯಿ ಎನ್ನಲಾಗದು. ಅದರ 60ನೇ ಕಲಮು ತೆರೆದು ನೋಡಿ. ಜಪ್ತಿಗೆ ಬಂದ ಅಮೀನ ಮುಟ್ಟಬಾರದ ವಸ್ತುಗಳ ಪಟ್ಟಿ ಅಲ್ಲಿದೆ: ಉಟ್ಟ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಣ್ಣು ಕಳಚಿಡಲಾಗದ ಒಡವೆ, ಕಸುಬುದಾರನ ಉಪಕರಣ, ಒಕ್ಕಲಿಗನ ನೇಗಿಲು, ಎತ್ತು, ಬಿತ್ತನೆ ಬೀಜ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. 25,000 ಸಂಬಳದವನಿಂದ 8,000ಕ್ಕಿಂತ ಹೆಚ್ಚು ಜಪ್ತಿ ಆಗದು. ಈ ಪಟ್ಟಿ ಬರೆದವರಿಗೆ ಸಾಲಗಾರನ ಮನೆಯ ಒಳಗು ಗೊತ್ತಿತ್ತು. ಮೊದಲು 400 ಇದ್ದ ರಕ್ಷಣೆ 1,000 ಆದದ್ದು 2002ರಲ್ಲಿ, ಅಲ್ಲಿಂದ ಮುಂದೆ ಅಕ್ಕಿಯ ಬೆಲೆ ಎಲ್ಲಿಗೆ ಮುಟ್ಟಿದೆ ಎಂದು ಇಲ್ಲಿರುವ ಗೃಹಿಣಿಯರು ಹೇಳಬಲ್ಲರು.

ಅದೇ ಸಂಹಿತೆಯ 20ನೇ ಆದೇಶದ 11ನೇ ನಿಯಮವನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಹಣದ ದಾವೆಯಲ್ಲಿ ಡಿಕ್ರಿ ಮಾಡುವಾಗ, ಸಾಕಷ್ಟು ಕಾರಣ ಕಂಡರೆ, ನ್ಯಾಯಾಧೀಶರು ಕಂತಿನಲ್ಲಿ ಕಟ್ಟಲು ಆದೇಶಿಸಬಹುದು. ಇದು ಮೊದಲ ಭಾಗ. ಡಿಕ್ರಿ ಆದ ಮೇಲೆ ಸಾಲಗಾರ ಕಂತು ಕೇಳಿಕೊಂಡರೆ? ಅದಕ್ಕೆ ಡಿಕ್ರಿದಾರನ ಒಪ್ಪಿಗೆ ಬೇಕು. ಎಂದರೆ ಡಿಕ್ರಿಯ ದಿನ ನ್ಯಾಯಾಧೀಶರು ಸಾಲಗಾರನ ಮುಖ ನೋಡುತ್ತಾರೆ, ಮರುದಿನದಿಂದ ಸಾಲ ಕೊಟ್ಟವನು ಅನುಮತಿ ಕೊಟ್ಟರೆ ಮಾತ್ರ ನೋಡಬಹುದು! ಡಿಕ್ರಿ ಜಾರಿ ಮಾಡಿಸಲು 12 ವರ್ಷ ಕಾಲಾವಕಾಶವಿದೆ. ಹನ್ನೆರಡು ವರ್ಷದಲ್ಲಿ ಒಂದು ಸಂಸಾರದಲ್ಲಿ ಏನೇನು ಆಗದು?

ಲೋಕ ಅದಾಲತ್ತಿನಲ್ಲಿ ಕುಳಿತ ಅನುಭವದಿಂದ ಒಂದು ಸಂಗತಿ ಹೇಳುತ್ತೇನೆ. ತಾಲ್ಲೂಕು ಕೇಂದ್ರವೊಂದರಲ್ಲಿ ಆಟೊ ಓಡಿಸುವವರೊಬ್ಬರು ಸಾಲ ಕೊಟ್ಟ ಸಂಸ್ಥೆಯೊಂದಿಗೆ ರಾಜಿಯಾದರು. ತಿಂಗಳಿಗೆ ಇಷ್ಟು ಎಂದು ಕಂತು ಗೊತ್ತಾಯಿತು. ರಾಜಿಪತ್ರದ ಕೊನೆಯಲ್ಲಿ ಎಲ್ಲ ರಾಜಿಪತ್ರಗಳಲ್ಲೂ ಇರುವ ಸಾಲು ಇತ್ತು: ಯಾವುದೇ ಒಂದು ಕಂತು ತಪ್ಪಿದಲ್ಲಿ ಪೂರ್ತಿ ಬಾಕಿಯನ್ನು ಬಡ್ಡಿ ಸಮೇತ ಒಂದೇ ಸಲಕ್ಕೆ ವಸೂಲು ಮಾಡತಕ್ಕದ್ದು. ಅವರು ಕಂತುಗಳನ್ನು ಸರಿಯಾಗಿ ಕಟ್ಟುತ್ತಾ ಬಂದರು, ರಸೀದಿಗಳನ್ನು ದಾರದಲ್ಲಿ ಪೋಣಿಸಿ ಇಟ್ಟಿದ್ದರು. ಆಮೇಲೆ ಮಗಳಿಗೆ ಡೆಂಗಿ ಬಂತು, ಆಟೊ ಗಿರವಿಗೆ ಹೋಯಿತು, ಕಂತು ತಪ್ಪಿತು. ಪೂರ್ತಿ ಬಾಕಿಯ ವಸೂಲಿಗೆ ಅಮಲ್ಜಾರಿ ಅರ್ಜಿ ಬಿತ್ತು. ಅವರು ಆ ದಾರದ ಗೊಂಚಲನ್ನು ಮೇಜಿನ ಮೇಲಿಟ್ಟು, ‘ಇಷ್ಟು ಕಟ್ಟಿದವನು ಮೋಸ ಮಾಡ್ತೀನಾ ಸ್ವಾಮಿ’ ಎಂದರು. ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿ ಇಲ್ಲ. ಕಾಗದದಲ್ಲಿ ಬರೆದದ್ದು ಬರೆದದ್ದೇ. ಆ ಸಾಲು ಬರೆದವರು ದುಷ್ಟರಲ್ಲ, ರೂಢಿಯಂತೆ ಬರೆದಿದ್ದರು. ಮುರಿದುಬಿದ್ದ ರಾಜಿಗಳಲ್ಲಿ ಬಹಳಷ್ಟು ಮುರಿಯುವುದು ಈ ರೂಢಿಯ ಸಾಲಿನಿಂದಲೇ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸಾಲಗಾರನ ಇಂದಿನ ಸ್ಥಿತಿಯನ್ನು ನಮ್ಮ ಕಾನೂನು ನಿಜವಾಗಿ ನೋಡುವ ಒಂದು ಜಾಗವಿದೆ. ಅದು ಜೈಲಿನ ಬಾಗಿಲು. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಹಿಂದೊಮ್ಮೆ ಹಣವಿತ್ತು ಎಂಬ ಕಾರಣಕ್ಕೆ ಈಗ ಇಲ್ಲದವನನ್ನು ಸೆರೆಗೆ ಕಳಿಸಲಾಗದು, ಇದ್ದೂ ಕೊಡದ ದುರುದ್ದೇಶ ಕಾಣಬೇಕು ಎಂದು ನಿರ್ಣಯಿಸಿದರು. ಇದು ದೊಡ್ಡ ತೀರ್ಪು. ಜೈಲಿನ ಬಾಗಿಲಲ್ಲಿ ಕೇಳುವ ‘ಈಗ ನಿನ್ನ ಸ್ಥಿತಿ ಏನು’ ಎಂಬ ಪ್ರಶ್ನೆಯನ್ನು ಮೊದಲ ಕಂತು ತಪ್ಪುವ ದಿನವೇ ಕೇಳಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವು!

ಸಾವಿನ ವಿಷಯದಲ್ಲಿ ಜನರಲ್ಲಿ ತಪ್ಪು ತಿಳಿವಳಿಕೆ ಬಹಳ. ತಂದೆ ತೀರಿಕೊಂಡರೆ ಸಾಲ ಮಕ್ಕಳ ಹೆಗಲಿಗೆ ಎಂದು ಇಂದಿಗೂ ಹೆದರಿಸುತ್ತಾರೆ. ವಾರಸುದಾರರ ಹೊಣೆ ಅವರ ಕೈಸೇರಿದ ಪಿತ್ರಾರ್ಜಿತದ ಮಟ್ಟಿಗೆ ಮಾತ್ರ. ಹಿಂದೂ ಮಗನಿಗಿದ್ದ ಪಿತೃಋಣದ ಧಾರ್ಮಿಕ ಹೊಣೆಯ ಆಧಾರದ ಮೇಲೆ ಹೊಸ ಸಾಲಗಳನ್ನು ವಸೂಲು ಮಾಡುವುದನ್ನು 2005ರ ಉತ್ತರಾಧಿಕಾರ ತಿದ್ದುಪಡಿ ನಿಲ್ಲಿಸಿತು. ಜಾಮೀನು ಹಾಕಿದ್ದರೆ, ಜಂಟಿಯಾಗಿ ಸಹಿ ಮಾಡಿದ್ದರೆ ಮಾತು ಬೇರೆ, ಆಗ ಪೂರ್ತಿ ಸಾಲಕ್ಕೆ ಹೊಣೆ. ವಿಚ್ಛೇದನದಲ್ಲೂ ಹೀಗೆಯೇ: ಮನೆಯ ಸಾಲ ಗಂಡ ಕಟ್ಟತಕ್ಕದ್ದು ಎಂದು ಅವರಿಬ್ಬರ ನಡುವೆ ತೀರ್ಮಾನವಾದರೂ ಬ್ಯಾಂಕಿಗೆ ಅದು ಬಾಧ್ಯವಲ್ಲ, ಜಂಟಿ ಸಹಿ ಇರುವ ಹೆಂಡತಿಯ ಮನೆಗೂ ನೋಟಿಸು ಬರುತ್ತದೆ.

ಬೇರೆ ಕಡೆ ಏನಿದೆ? ಸ್ಕಾಟ್ಲೆಂಡಿನ ಒಂದು ಏರ್ಪಾಟು ನನಗೆ ಬಹಳ ಮೆಚ್ಚಿಗೆಯಾಗಿದೆ. ಅಲ್ಲಿ 2004ರಲ್ಲಿ ಆರಂಭವಾದ ಸರ್ಕಾರಿ ಸಾಲ ತೀರುವಳಿ ಯೋಜನೆಯಲ್ಲಿ ಸಾಲ ಕೊಟ್ಟವರೆಲ್ಲರಿಗೂ ಸೇರಿ ಒಂದೇ ಕಂತು. ಕೆಲಸ ಹೋಗುವುದು, ಕಾಯಿಲೆ, ಹೆರಿಗೆ, ದಾಂಪತ್ಯ ಮುರಿಯುವುದು, ಮನೆಯವರ ಸಾವು, ಇವುಗಳಿಂದ ಖರ್ಚು ಕಳೆದು ಉಳಿಯುವ ವರಮಾನ ಅರ್ಧಕ್ಕರ್ಧ ಕುಸಿದರೆ ಆರು ತಿಂಗಳವರೆಗೆ ಕಂತಿಗೆ ಬಿಡುವು ಕೇಳಬಹುದು. ಬದುಕಿನ ಏರುಪೇರುಗಳನ್ನು ಹೆಸರಿಟ್ಟು ನಿಯಮದಲ್ಲೇ ಬರೆದಿದ್ದಾರೆ. ಅಮೆರಿಕದಲ್ಲೂ ವೈಯಕ್ತಿಕ ದಿವಾಳಿ ಕಾನೂನಿನ 13ನೇ ಅಧ್ಯಾಯದಡಿ ನ್ಯಾಯಾಲಯ ಒಪ್ಪಿದ ತೀರುವಳಿ ಯೋಜನೆಯನ್ನು ಮಧ್ಯದಲ್ಲಿ ತಿದ್ದಲು ಸಾಲಗಾರನೇ ಅರ್ಜಿ ಹಾಕಬಹುದು.

ನಮ್ಮಲ್ಲೂ ಇಂಥದೊಂದು ಕಾನೂನು ಬರೆದಿಟ್ಟಿದ್ದೇವೆ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗದಲ್ಲಿ ವ್ಯಕ್ತಿಗಳ ಸಾಲ ತೀರುವಳಿ ಯೋಜನೆಯ ಪೂರ್ಣ ವಿಧಾನವಿದೆ. ಕಡುಬಡವರಿಗೆ ಸಾಲದಿಂದ ಬಿಡುಗಡೆ ಕೊಡುವ ‘ಹೊಸ ಆರಂಭ’ ಎಂಬ ಅಧ್ಯಾಯವೂ ಇದೆ. ವರ್ಷಕ್ಕೆ 60,000 ರೂಪಾಯಿ ಮೀರದ ವರಮಾನ, 35,000 ಮೀರದ ಸಾಲ ಎಂಬ ಮಿತಿಗಳು ಆಗಲೇ ಚಿಕ್ಕವು. ಕಂಪನಿಗಳಿಗಾಗಿ ಸಂಹಿತೆ ಆ ವರ್ಷವೇ ಜಾರಿಗೆ ಬಂತು. ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಗಳಿಗೆ ಜಾಮೀನು ನಿಂತವರಿಗೆ ಮಾತ್ರ ಅನ್ವಯವಾಯಿತು. ಸಾಮಾನ್ಯ ಮನುಷ್ಯನಿಗೆ ಇಂದಿಗೂ ಬ್ರಿಟಿಷರು 1920ರಲ್ಲಿ ಮಾಡಿದ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಾವಿರಾರು ಕೋಟಿ ಬಾಕಿ ಉಳಿಸಿಕೊಂಡ ಉದ್ಯಮಕ್ಕೆ ಹೊಸ ಲೆಕ್ಕ ಬರೆಯುವ ಅವಕಾಶ ಕೊಟ್ಟ ಗಣರಾಜ್ಯ, ಹೊಲಿಗೆ ಯಂತ್ರದ ಸಾಲಗಾರ್ತಿಗೆ ಅದನ್ನು ಪುಸ್ತಕದಲ್ಲಿ ಬರೆದೂ ಕೊಡದೆ ಇಟ್ಟುಕೊಂಡಿರುವುದು ಸರಿಯಲ್ಲ.

ಕಷ್ಟ ಬಂದಾಗ ಕಂತು ಇಳಿಸಿದರೆ ಜನ ಸುಳ್ಳು ಕಷ್ಟ ಹೇಳಿ ತಪ್ಪಿಸಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಬೆಳೆ ನಷ್ಟಕ್ಕೆ ಅಳತೆ ಇದ್ದಂತೆ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಕೆಲಸದಿಂದ ಬಿಡುಗಡೆಯ ಪತ್ರ, ಮರಣ ಪ್ರಮಾಣಪತ್ರ ಇವೆಯಲ್ಲ? ನಾನು ಸಾಲ ಮನ್ನಾ ಕೇಳುತ್ತಿಲ್ಲ. ಮನ್ನಾದಲ್ಲಿ ಕಟ್ಟಬಲ್ಲವನೂ ಕಟ್ಟಲಾರದವನೂ ಒಂದೇ ತಕ್ಕಡಿಗೆ ಬೀಳುತ್ತಾರೆ. ಕಟ್ಟುವ ಮನಸ್ಸಿದ್ದು ಕೈ ಸೋತವನಿಗೆ ಕೈಗೆಟಕುವ ಕಂತು ಬೇಕು, ಅಷ್ಟೆ.

ಸಾಲ ಇರುವವರಿಗೆ ಒಂದು ಮಾತು. ಮನೆಯಲ್ಲಿ ಏರುಪೇರಾದರೆ ಕಂತು ತಪ್ಪುವ ಮುಂಚೆಯೇ ಲಿಖಿತವಾಗಿ ಅರ್ಜಿ ಕೊಡಿ, ಕಾರಣದ ದಾಖಲೆ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಎಷ್ಟು ಕಟ್ಟಬಲ್ಲಿರಿ ಎಂದು ಅಂಕಿಯಲ್ಲಿ ಬರೆಯಿರಿ. ನಾಚಿಕೆಯಿಂದ ಫೋನು ಆರಿಸಿ ಕೂರುವುದರಿಂದ ಇದ್ದ ದಾರಿಯೂ ಮುಚ್ಚುತ್ತದೆ. ಚೆಕ್ಕು ಅಥವಾ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೆ ಕ್ರಿಮಿನಲ್ ಮೊಕದ್ದಮೆಗೂ ಅವಕಾಶವಿದೆ, ಅದನ್ನು ಮರೆಯಬೇಡಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ.

ಕೇಂದ್ರ ಸರ್ಕಾರ ದಿವಾಳಿ ಸಂಹಿತೆಯ ಮೂರನೇ ಭಾಗವನ್ನು ಪೂರ್ತಿಯಾಗಿ ಜಾರಿಗೆ ತರಲಿ, ರಿಸರ್ವ್ ಬ್ಯಾಂಕು ಒಂಟಿ ಮನೆಯ ಬರಕ್ಕೂ ಎನ್‌ಪಿಎ ವಿನಾಯಿತಿ ಕೊಡಲಿ. ಅದಕ್ಕೆಲ್ಲ ಕಾಲ ಹಿಡಿಯುತ್ತದೆ. ಇಲ್ಲಿರುವ ವಕೀಲ ಮಿತ್ರರು, ಸಂಧಾನಕಾರರು, ಬ್ಯಾಂಕಿನ ಗೆಳೆಯರು ಯಾರನ್ನೂ ಕಾಯದೆ ಮಾಡಬಹುದಾದದ್ದು ಒಂದಿದೆ. ಮುಂದಿನ ಲೋಕ ಅದಾಲತ್ತಿನಲ್ಲಿ ರಾಜಿಪತ್ರ ಬರೆಯುವಾಗ, ಕಂತು ತಪ್ಪಿದಲ್ಲಿ ಎಂಬ ಹಳೆಯ ಸಾಲಿಗೆ ಮೊದಲು ಈ ಒಂದು ಸಾಲು ಸೇರಿಸಿ: ‘ಕಾಯಿಲೆ, ಉದ್ಯೋಗ ನಷ್ಟ ಅಥವಾ ಕುಟುಂಬದಲ್ಲಿ ಮರಣದ ಕಾರಣ ಸಾಲಗಾರರು ದಾಖಲೆಯೊಂದಿಗೆ ಲಿಖಿತವಾಗಿ ತಿಳಿಸಿದಲ್ಲಿ ಮೂರು ಕಂತುಗಳನ್ನು ಅವಧಿಯ ಕೊನೆಗೆ ಸೇರಿಸತಕ್ಕದ್ದು, ಇದನ್ನು ಕಂತು ತಪ್ಪಿದ್ದೆಂದು ಪರಿಗಣಿಸತಕ್ಕದ್ದಲ್ಲ.’ ಉಭಯ ಪಕ್ಷದವರೂ ಒಪ್ಪಿ ಸಹಿ ಮಾಡಿದರೆ ಸಾಕು, ಇದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.